ಸತ್ತವರನ್ನು ನಂಬಿ ಕಟ್ಟಿದ ಡೆಕ್ಕು

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡಾಟದಲ್ಲಿ ಸತ್ತ ಕ್ರೀಚರ್ (ಕಾಳಗಕ್ಕೆ ಇಳಿಸುವ ಜೀವಿ), ಬಳಸಿ ಮುಗಿದ ಮಂತ್ರ, ಕೈಯಿಂದ ಬಿಸಾಕಿದ ಕಾರ್ಡು ಎಲ್ಲವೂ ಹೋಗಿ ಬೀಳುವುದು ಗ್ರೇವ್‌ಯಾರ್ಡಿಗೆ. ಹೆಚ್ಚಿನ ಡೆಕ್ಕುಗಳ (ಆಟಗಾರ ತಾನೇ ಆರಿಸಿ ಕಟ್ಟಿದ ಕಾರ್ಡಿನ ಕಟ್ಟುಗಳ) ಪಾಲಿಗೆ ಅಲ್ಲಿಗೆ ಹೋದದ್ದು ಹೋದಂತೆಯೇ. ನಾನು ಕಟ್ಟಿದ ಡೆಕ್ಕಿಗೆ ಮಾತ್ರ ನಿಜವಾದ ಆಟ ಶುರುವಾಗುವುದೇ ಅಲ್ಲಿಂದ. ಅದನ್ನು ಹೇಗೆ ಕಟ್ಟಿದೆ, ಯಾಕೆ ಹಾಗೇ ಕಟ್ಟಿದೆ, ಆಡುತ್ತಾ ಏನೇನು ಬದಲಾಯಿತು ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಈ ಆಟವನ್ನು ಕನ್ನಡದಲ್ಲಿ ಕೂತು ಚರ್ಚೆ ಮಾಡುವವರು ನಮ್ಮ ಕಡೆ ಕಡಿಮೆ. ಇದ್ದವರಿಗೆ ಇದು ಉಪಯೋಗಕ್ಕೆ ಬರಲಿ.

ಚಿಕ್ಕಮಗಳೂರಿನಲ್ಲಿ ನಾವು ಆಡುವವರು ಬೆರಳೆಣಿಕೆಯಷ್ಟು ಜನ. ಒಬ್ಬನದು ಮೊಬೈಲ್ ಅಂಗಡಿ, ಇನ್ನೊಬ್ಬ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ, ಇಬ್ಬರು ಇಂಜಿನಿಯರಿಂಗ್ ಓದುತ್ತಿದ್ದಾರೆ, ಒಬ್ಬನದು ಆಲ್ದೂರು ಕಡೆ ಕಾಫಿ ತೋಟ. ಐ.ಜಿ. ರಸ್ತೆಯ ಹಿಂದಿನ ಬೀದಿಯಲ್ಲಿ ಗೆಳೆಯನೊಬ್ಬನ ಮನೆಯ ಮಹಡಿ ಕೋಣೆ ನಮ್ಮ ಜಾಗ. ನಮ್ಮ ಆಟಕ್ಕೂ ಒಂದು ಕಾಲ ಇದೆ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು ಶುರು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ತೋಟದವನು ಮಾರ್ಚ್ ತನಕ ಕೈಗೆ ಸಿಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲರೂ ಸಿಗುತ್ತಾರೆ. ಸಂಜೆ ಹೊರಗೆ ಹೋಗಿ ಮಾಡುವಂಥದ್ದೇನೂ ಇರುವುದಿಲ್ಲ, ಕರೆಂಟ್ ಹೋದರೆ ಎಮರ್ಜೆನ್ಸಿ ಲೈಟಿನ ಕೆಳಗೆ ಆಟ ಮುಂದುವರಿಯುತ್ತದೆ.

ನಾವು ಆಡುವುದು ಈ ಆಟದ ಪಾಪರ್ ಅನ್ನುವ ಬಗೆ. ಎಂದಾದರೂ ಒಮ್ಮೆ ಕಾಮನ್, ಅಂದರೆ ಸಾಮಾನ್ಯ ದರ್ಜೆಯಲ್ಲಿ ಅಚ್ಚಾದ ಕಾರ್ಡುಗಳನ್ನು ಮಾತ್ರ ಬಳಸಬಹುದು. ಕನಿಷ್ಠ 60 ಕಾರ್ಡಿನ ಡೆಕ್ಕು, ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚಿಲ್ಲ (ಕಾರ್ಡು ಹಾಕಲು ತೆರುವ ಶಕ್ತಿಯಾದ ಮನಾ ಕೊಡುವ ಬೇಸಿಕ್ ಲ್ಯಾಂಡ್‌ಗೆ ಈ ಮಿತಿ ಇಲ್ಲ), ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕಕ್ಕೆ 15 ಕಾರ್ಡಿನ ಸೈಡ್‌ಬೋರ್ಡ್. ಈ ಆಟವನ್ನು ಹೊರತರುವ ವಿಝಾರ್ಡ್ಸ್ ಆಫ್ ದಿ ಕೋಸ್ಟ್ 2019ರಲ್ಲಿ ಕಾಗದದ ಆಟಕ್ಕೂ ಆನ್‌ಲೈನ್ ಆಟಕ್ಕೂ ನಡೆಯುವ ಕಾರ್ಡುಗಳ ಒಂದೇ ಪಟ್ಟಿ ಅಂತ ಮಾಡಿದ ಮೇಲೆ ಗೊಂದಲವೂ ತಪ್ಪಿತು. ಬೇರೆ ಬಗೆಗಳಲ್ಲಿ ಒಂದೊಂದು ಕಾರ್ಡಿಗೆ ಸಾವಿರಗಟ್ಟಲೆ ಸುರಿಯಬೇಕು. ನಮ್ಮಂಥ ಊರಿನ ಗುಂಪು ಉಳಿದು ಬೆಳೆಯಬೇಕಾದರೆ ಪಾಪರ್‌ಗಿಂತ ಒಳ್ಳೆಯ ದಾರಿ ಇಲ್ಲ ಅಂತ ನಾನು ನಂಬಿದ್ದೇನೆ. ಹೊಸಬನೊಬ್ಬ ಬಂದರೆ ಅವನಿಗೂ ನನಗೂ ಇರುವ ಅಂತರ ಆಟದ ಅನುಭವದ್ದಷ್ಟೇ, ದುಡ್ಡಿನದಲ್ಲ.

ಸತ್ತವರನ್ನು ಎಬ್ಬಿಸುವ ಆಸೆ ಈ ಆಟದಷ್ಟೇ ಹಳೆಯದು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಆಟ 1993ರಲ್ಲಿ ಹೊರಬಂದಾಗ ಮೊದಲ ಕಂತಿನಲ್ಲೇ ಆನಿಮೇಟ್ ಡೆಡ್ ಇತ್ತು. 2001ರ ಒಡಿಸ್ಸಿಯಲ್ಲಿ ಗ್ರೇವ್‌ಯಾರ್ಡೇ ಇಡೀ ಸೆಟ್ಟಿನ ವಿಷಯವಾಯಿತು. ಅಲ್ಲಿ ಏಳು ಕಾರ್ಡು ಬಿದ್ದರೆ ಬಲ ಹೆಚ್ಚುವ ಥ್ರೆಶೋಲ್ಡ್, ಸತ್ತ ಮಂತ್ರವನ್ನೇ ಇನ್ನೊಮ್ಮೆ ಹಾಕುವ ಫ್ಲ್ಯಾಶ್‌ಬ್ಯಾಕ್ ಬಂದವು. 2005ರ ರಾವ್ನಿಕಾದಲ್ಲಿ ಗೋಲ್ಗಾರಿ ಅನ್ನುವ ಕಪ್ಪು-ಹಸಿರು ಬಣ, ಅದರ ಜತೆಗೆ ಡ್ರೆಜ್. ನನ್ನ ಡೆಕ್ಕಿನ ಅರ್ಧ ಉಸಿರು ಇದೇ ಡ್ರೆಜ್. ಅದರ ನಿಯಮ ಇಷ್ಟು: ಕಾರ್ಡು ಎಳೆಯಬೇಕಾದ ಹೊತ್ತಿನಲ್ಲಿ ಎಳೆಯುವ ಬದಲು ಲೈಬ್ರರಿಯ (ಇನ್ನೂ ಎಳೆಯದ ಕಾರ್ಡುಗಳ ಕಟ್ಟಿನ) ಮೇಲಿನಿಂದ ಇಂತಿಷ್ಟು ಕಾರ್ಡನ್ನು ಗ್ರೇವ್‌ಯಾರ್ಡಿಗೆ ಸುರಿದು, ಅಲ್ಲಿ ಮೊದಲೇ ಬಿದ್ದಿರುವ ಡ್ರೆಜ್ ಕಾರ್ಡನ್ನು ಕೈಗೆ ತೆಗೆದುಕೊಳ್ಳಬಹುದು. ಎಷ್ಟು ಅಂತ ಕಾರ್ಡಿನ ಮೇಲೇ ಬರೆದಿರುತ್ತದೆ. ಅಷ್ಟು ಕಾರ್ಡು ಲೈಬ್ರರಿಯಲ್ಲಿ ಉಳಿದಿರದಿದ್ದರೆ ಡ್ರೆಜ್ ಮಾಡುವ ಹಾಗಿಲ್ಲ. ಡ್ರೆಜ್ 6 ಇದ್ದ ಗೋಲ್ಗಾರಿ ಗ್ರೇವ್-ಟ್ರೋಲ್ ಎಷ್ಟು ಬಲಿಷ್ಠ ಎಂದರೆ ಮಾಡರ್ನ್ ಬಗೆಯಲ್ಲಿ ನಿಷೇಧಿಸಿ, 2015ರಲ್ಲಿ ಬಿಟ್ಟು, 2017ರಲ್ಲಿ ಮತ್ತೆ ನಿಷೇಧಿಸಿದರು.

ಗ್ರೇವ್‌ಯಾರ್ಡ್ ಡೆಕ್ ಅಂದ ತಕ್ಷಣ ಎಲ್ಲರ ಕಣ್ಣು ಮೊದಲು ಹೋಗುವುದು ರಿಆನಿಮೇಟರ್ ಕಡೆಗೆ. ನಮ್ಮ ಮೊಬೈಲ್ ಅಂಗಡಿಯವನು ಅದನ್ನೇ ಆಡುತ್ತಾನೆ. ಉಲಾಮೋಗ್ಸ್ ಕ್ರಷರ್ ಅನ್ನುವ 8/8 (ಕೊಡುವ ಪೆಟ್ಟು ಎಂಟು, ತಾಳುವ ಪೆಟ್ಟೂ ಎಂಟು) ದೈತ್ಯನನ್ನು ಮೊದಲ ಸುತ್ತಿನಲ್ಲೇ ಕೈಯಿಂದ ಬಿಸಾಕಿ, ಎರಡನೇ ಸುತ್ತಿನಲ್ಲಿ ಎರಡೇ ಮನಾ ಕೊಟ್ಟು ಎಕ್ಸ್‌ಹ್ಯೂಮ್ ಹಾಕಿ ಮೇಲೆಬ್ಬಿಸುವುದು. ನೋಡಲು ಭರ್ಜರಿ. ಆದರೆ ಅದು ಒಂದೇ ಏಟಿನ ಆಟ. ಆ ದೈತ್ಯನನ್ನು ಎದುರಾಳಿ ಹೇಗಾದರೂ ತೆಗೆದುಹಾಕಿದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನನಗೆ ಬೇಕಾಗಿದ್ದು ನಿಧಾನವಾಗಿ ಬಿಗಿಯಾಗುತ್ತಾ ಹೋಗುವ ಆಟ. ಪ್ರತಿ ಸುತ್ತಿನಲ್ಲೂ ಆಯ್ಕೆ ಮಾಡುವಂಥದ್ದೇನಾದರೂ ಇರಬೇಕು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಟಾರ್ಚರ್ಡ್ ಎಕ್ಸಿಸ್ಟೆನ್ಸ್.

ಇದು 1998ರ ಸ್ಟ್ರಾಂಗ್‌ಹೋಲ್ಡ್ ಸೆಟ್ಟಿನ ಎನ್‌ಚಾಂಟ್‌ಮೆಂಟ್, ಅಂದರೆ ಹಾಕಿದ ಮೇಲೆ ಮೇಜಿನಲ್ಲೇ ಉಳಿಯುವ ಮಂತ್ರ. ಬೆಲೆ ಒಂದು ಕಪ್ಪು ಮನಾ. ಮೇಜಿಗೆ ಬಂದ ಮೇಲೆ ಇನ್ನೊಂದು ಕಪ್ಪು ಮನಾ ಕೊಟ್ಟು, ಕೈಯಿಂದ ಒಂದು ಕ್ರೀಚರ್ ಬಿಸಾಕಿದರೆ ಗ್ರೇವ್‌ಯಾರ್ಡಿನಿಂದ ಇನ್ನೊಂದು ಕ್ರೀಚರ್ ಕೈಗೆ ಬರುತ್ತದೆ. ಅಷ್ಟೇ. ಯಾವಾಗ ಬೇಕಾದರೂ, ಮನಾ ಇರುವಷ್ಟು ಸಲ. ಓದಿದಾಗ ಲಾಭ ಏನು ಅಂತ ಅನಿಸಬಹುದು, ಒಂದು ಕೊಟ್ಟು ಒಂದು ತಗೊಂಡಂತಾಯಿತಲ್ಲ! ಆದರೆ ಇದರ ಪಕ್ಕಕ್ಕೆ ಡ್ರೆಜ್ ಇಟ್ಟು ನೋಡಿ.

ಸ್ಟಿಂಕ್‌ವೀಡ್ ಇಂಪ್‌ಗೆ ಡ್ರೆಜ್ 5. ಅದು ಗ್ರೇವ್‌ಯಾರ್ಡಿನಲ್ಲಿದೆ ಅಂತಿಟ್ಟುಕೊಳ್ಳಿ. ನನ್ನ ಸುತ್ತು ಬಂತು, ಕಾರ್ಡು ಎಳೆಯುವ ಬದಲು ಐದು ಕಾರ್ಡು ಸುರಿದು ಇಂಪ್‌ನ್ನು ಕೈಗೆ ತೆಗೆದುಕೊಂಡೆ. ಒಂದು ಕಪ್ಪು ಮನಾ ಕೊಟ್ಟು ಅದೇ ಇಂಪ್‌ನ್ನು ಬಿಸಾಕಿ, ಗ್ರೇವ್‌ಯಾರ್ಡಿನಲ್ಲಿರುವ ಕ್ರೀಚರ್‌ಗಳಲ್ಲಿ ಆ ಹೊತ್ತಿಗೆ ಬೇಕಾದ್ದನ್ನು ಎತ್ತಿಕೊಂಡೆ. ಇಂಪ್ ಮತ್ತೆ ಗ್ರೇವ್‌ಯಾರ್ಡಿನಲ್ಲಿ, ಮುಂದಿನ ಸುತ್ತಿಗೆ ತಯಾರು. ಎದುರಾಳಿ ಅದೃಷ್ಟಕ್ಕೆ ಬಿಟ್ಟು ಒಂದು ಕಾರ್ಡು ಎಳೆಯುತ್ತಾನೆ, ನಾನು ಪ್ರತಿ ಸುತ್ತಿಗೂ ಬೇಕಾದ ಕಾರ್ಡನ್ನು ಆರಿಸಿ ತೆಗೆಯುತ್ತೇನೆ. ಸುರಿದಷ್ಟೂ ಆರಿಸಿಕೊಳ್ಳುವ ಪಟ್ಟಿ ಉದ್ದವಾಗುತ್ತದೆ. ಇದನ್ನು ಮೊದಲ ಸಲ ಮೇಜಿನ ಮೇಲೆ ಓಡಿಸಿ ನೋಡಿದಾಗ ಆದ ಖುಷಿ ಈಗಲೂ ಹಾಗೇ ಇದೆ. ಎರಡು ಸಾಮಾನ್ಯ ಕಾರ್ಡು, ಅವುಗಳ ನಡುವೆ ಏಳು ವರ್ಷದ ಅಂತರ. ಎರಡನ್ನೂ ಮಾಡಿದವರು ಒಂದನ್ನೊಂದು ನೋಡಿ ಮಾಡಿದ್ದಲ್ಲ, ಆದರೂ ಹೇಳಿ ಮಾಡಿಸಿದ ಜೋಡಿ.

ಇನ್ನು ಉಳಿದ ಕ್ರೀಚರ್‌ಗಳು. ಒಂದೊಂದಕ್ಕೂ ಒಂದೊಂದು ಕೆಲಸ ಇರಬೇಕು ಅನ್ನುವುದು ನನ್ನ ಹಟ. ಸೇಟರ್ ವೇಫೈಂಡರ್ ನಾಲ್ಕು. ಎರಡು ಮನಾದ ಪುಟ್ಟ ಕ್ರೀಚರ್, ಬಂದ ಕೂಡಲೇ ಮೇಲಿನ ನಾಲ್ಕು ಕಾರ್ಡು ತೆರೆದು ಒಂದು ಲ್ಯಾಂಡ್ ಕೈಗೆ ಕೊಟ್ಟು ಮಿಕ್ಕದ್ದನ್ನು ಗ್ರೇವ್‌ಯಾರ್ಡಿಗೆ ಕಳಿಸುತ್ತದೆ. ಲ್ಯಾಂಡ್ ಕೊರತೆಯೂ ನೀಗುತ್ತದೆ, ಗ್ರೇವ್‌ಯಾರ್ಡೂ ತುಂಬುತ್ತದೆ. ಕ್ರಿಪ್ಟ್ ರ್‍ಯಾಟ್ಸ್ ಮೂರು. ಎಷ್ಟು ಕಪ್ಪು ಮನಾ ಸುರಿದರೆ ಅಷ್ಟು ಪೆಟ್ಟು, ಎಲ್ಲ ಕ್ರೀಚರ್‌ಗಳಿಗೂ ಇಬ್ಬರು ಆಟಗಾರರಿಗೂ. ಪುಟ್ಟ ಕ್ರೀಚರ್‌ಗಳ ಹಿಂಡು ಕಟ್ಟುವ ಎಲ್ಫ್ ಡೆಕ್ಕಿನ ಎದುರು ಇದೊಂದೇ ಸಾಕು. ಪೆಟ್ಟು ನನಗೂ ಬೀಳುತ್ತದಲ್ಲ, ಅದಕ್ಕೆ ಗೋಲ್ಗಾರಿ ಬ್ರೌನ್‌ಸ್ಕೇಲ್ ಮೂರು. ಇದಕ್ಕೆ ಡ್ರೆಜ್ 2. ಗ್ರೇವ್‌ಯಾರ್ಡಿನಿಂದ ಕೈಗೆ ಬಂದಾಗಲೆಲ್ಲ ಎರಡು ಲೈಫ್ (ಆಟಗಾರನ ಜೀವ, ಸೊನ್ನೆಗೆ ಇಳಿದರೆ ಸೋಲು) ಕೊಡುತ್ತದೆ. ಡ್ರೆಜ್ ಮೂಲಕ ಬಂದರೂ ಸರಿ, ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಮೂಲಕ ಬಂದರೂ ಸರಿ. ಒಂದು ಕೈಯಲ್ಲಿ, ಇನ್ನೊಂದು ಗ್ರೇವ್‌ಯಾರ್ಡಿನಲ್ಲಿ ಇದ್ದರೆ ಒಂದನ್ನು ಬಿಸಾಕಿ ಇನ್ನೊಂದನ್ನು ತೆಗೆಯುತ್ತಾ, ಪ್ರತಿ ಕಪ್ಪು ಮನಾಗೂ ಎರಡೆರಡು ಲೈಫ್ ಏರಿಸಿಕೊಳ್ಳುತ್ತಾ ಹೋಗಬಹುದು.

ಗ್ರೇವ್ ಸ್ಕ್ರ್ಯಾಬ್ಲರ್ ಎರಡು. ಇದಕ್ಕೆ ಮ್ಯಾಡ್‌ನೆಸ್ ಇದೆ. ಟಾರ್ಚರ್ಡ್ ಎಕ್ಸಿಸ್ಟೆನ್ಸ್‌ಗೆ ಬೆಲೆಯಾಗಿ ಬಿಸಾಕಿದ ಹೊತ್ತಿನಲ್ಲೇ ಎರಡು ಮನಾ ಕೊಟ್ಟರೆ ಮೇಜಿಗೆ ಇಳಿಯುತ್ತದೆ, ಇಳಿದ ಮೇಲೆ ಇನ್ನೊಂದು ಕ್ರೀಚರನ್ನೂ ಗ್ರೇವ್‌ಯಾರ್ಡಿನಿಂದ ಎತ್ತಿಕೊಡುತ್ತದೆ. ಪಿಟ್ ಕೀಪರ್ ಎರಡು, ಅದೂ ಎತ್ತಿಕೊಡುವ ಕೆಲಸಕ್ಕೇ. ಸ್ಪೋರ್ ಫ್ರಾಗ್ ಎರಡು. ಒಂದು ಹಸಿರು ಮನಾದ ಈ ಕಪ್ಪೆಯನ್ನು ಬಲಿ ಕೊಟ್ಟರೆ ಆ ಸುತ್ತಿನ ಕಾಳಗದ ಪೆಟ್ಟೆಲ್ಲ ರದ್ದು. ಫ್ಯೂಮ್ ಸ್ಪಿಟರ್ ಎರಡು, ಗರ್ಮಾಗ್ ಆಂಗ್ಲರ್ ಎರಡು, ಫೇರಿ ಮಕಾಬ್ರ್ ಒಂದು. ನಾಲ್ಕು ಇಂಪ್ ಸೇರಿ ಒಟ್ಟು 25 ಕ್ರೀಚರ್, 22 ಲ್ಯಾಂಡ್. ಉಳಿದ 13ರಲ್ಲಿ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ನಾಲ್ಕು, ಕಮ್ಯೂನ್ ವಿತ್ ದ ಗಾಡ್ಸ್ ನಾಲ್ಕು, ಗ್ನಾ ಟು ದ ಬೋನ್ ಎರಡು, ಚೇನರ್ಸ್ ಈಡಿಕ್ಟ್ ಎರಡು, ಪಲ್ಸ್ ಆಫ್ ಮುರಾಸಾ ಒಂದು.

25 ಅನ್ನುವ ಲೆಕ್ಕ ಸುಮ್ಮನೆ ಬಂದದ್ದಲ್ಲ. ಐದು ಕಾರ್ಡು ಸುರಿದರೆ ಸರಾಸರಿ ಎರಡು ಕ್ರೀಚರ್ ಬೀಳಬೇಕು ಅನ್ನುವುದು ನನ್ನ ಅಳತೆ. 60ರಲ್ಲಿ 25 ಇದ್ದರೆ ಅದು ಸರಿಹೋಗುತ್ತದೆ. ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ನಾಲ್ಕು ಪ್ರತಿ ಇರುವ ಕಾರ್ಡು ಮೊದಲ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ. 40ರಷ್ಟು ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಇಲ್ಲದೆಯೇ ಶುರು ಮಾಡಬೇಕು. ಅದಕ್ಕೇ ಕಮ್ಯೂನ್ ವಿತ್ ದ ಗಾಡ್ಸ್ ಪೂರ್ತಿ ನಾಲ್ಕು. ಅದು ಮೇಲಿನ ಐದು ಕಾರ್ಡು ತೆರೆದು ಒಂದು ಕ್ರೀಚರನ್ನೋ ಎನ್‌ಚಾಂಟ್‌ಮೆಂಟನ್ನೋ ಕೈಗೆ ಕೊಡುತ್ತದೆ, ಉಳಿದದ್ದು ಗ್ರೇವ್‌ಯಾರ್ಡಿಗೆ. ಈ ಡೆಕ್ಕಿನಲ್ಲಿ ಅದಕ್ಕಿಂತ ಸಾರ್ಥಕವಾದ ಎರಡು ಮನಾ ಇಲ್ಲ.

ಕಾರ್ಡು ಸೇರಿಸಿದ ಕಥೆಗೆ ಬರುತ್ತೇನೆ. ಎಲ್ಲ ಕಾಮನ್ನೇ ಆದರೂ ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಕಾರ್ಡುಗಳು ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ಮೊದಲು ಇಡೀ ಡೆಕ್ಕನ್ನು ಪ್ರಾಕ್ಸಿಯಲ್ಲೇ, ಅಂದರೆ ಅಸಲಿಯ ಬದಲಿಗೆ ಇಡುವ ನಕಲಿ ಕಾರ್ಡಿನಲ್ಲೇ ಕಟ್ಟಿದೆ. 63 ಮಿ.ಮೀ. ಅಗಲ, 88 ಮಿ.ಮೀ. ಉದ್ದಕ್ಕೆ ಕಾರ್ಡಿನ ಪಠ್ಯವನ್ನು ಕಪ್ಪು-ಬಿಳುಪಿನಲ್ಲಿ ಜೋಡಿಸಿ, ಬಸವನಹಳ್ಳಿ ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಕತ್ತರಿಸಿ, ಮನೆಯಲ್ಲಿ ಬಿದ್ದಿದ್ದ ಹೆಚ್ಚುವರಿ ಲ್ಯಾಂಡ್ ಕಾರ್ಡುಗಳ ಮುಂದಿಟ್ಟು ಸ್ಲೀವ್‌ಗೆ ತುರುಕಿದೆ. ಅಧಿಕೃತ ಪಂದ್ಯಗಳಲ್ಲಿ ಇದು ನಡೆಯುವುದಿಲ್ಲ, ಗೆಳೆಯರ ನಡುವೆ ನಡೆಯುತ್ತದೆ. ಗ್ರೇವ್‌ಯಾರ್ಡ್ ಡೆಕ್ಕನ್ನು ಪ್ರಾಕ್ಸಿಯಲ್ಲಿ ತಿಂಗಳುಗಟ್ಟಲೆ ಆಡಿ ನೋಡದೆ ಯಾರೂ ದುಡ್ಡು ಹಾಕಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಗದದ ಮೇಲೆ ಚೆನ್ನಾಗಿ ಕಾಣುವ ಎಷ್ಟೋ ಕಾರ್ಡುಗಳು ಗ್ರೇವ್‌ಯಾರ್ಡಿನಲ್ಲಿ ಬಿದ್ದಲ್ಲೇ ಬಿದ್ದಿರುತ್ತವೆ, ಒಮ್ಮೆಯೂ ಎತ್ತಿಕೊಳ್ಳಬೇಕು ಅನಿಸುವುದಿಲ್ಲ. ಹಾಗೆ ಅನಿಸದ ಕಾರ್ಡುಗಳನ್ನು ಒಂದೊಂದಾಗಿ ತೆಗೆದೆ. ನಿಂತದ್ದಕ್ಕೆ ಮಾತ್ರ ಅಸಲಿ ಕಾರ್ಡು. ಬೆಂಗಳೂರಿನ ಪರಿಚಯದವರ ಹಳೆಯ ಡಬ್ಬಗಳಿಂದ, ಅದಲು ಬದಲಿನಿಂದ, ಒಂದಿಷ್ಟು ಅಂಚೆಯಲ್ಲಿ ಬಂದವು.

ಮಲೆನಾಡಿನ ಮಳೆಗಾಲದಲ್ಲಿ ಕಾರ್ಡು ಕಾಪಾಡುವುದೂ ಒಂದು ಕೆಲಸ. ಫಾಯಿಲ್ ಕಾರ್ಡಿನಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳೆಯುವ ಪದರ ಹಿಗ್ಗುವುದಿಲ್ಲ. ಹಾಗಾಗಿ ಜುಲೈ ಹೊತ್ತಿಗೆ ಬಾಗಿಬಿಡುತ್ತದೆ. ಬಾಗಿದ ಕಾರ್ಡು ಕಟ್ಟಿನಲ್ಲಿ ಎಲ್ಲಿದೆ ಅಂತ ಹೊರಗಿನಿಂದಲೇ ಗೊತ್ತಾಗುವುದರಿಂದ ಅದು ಗುರುತು ಹಾಕಿದ ಕಾರ್ಡಿಗೆ ಸಮ. ನಾನು ಫಾಯಿಲ್ ಮುಟ್ಟುವುದೇ ಇಲ್ಲ. ಡೆಕ್ ಬಾಕ್ಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಾಕ್ಸನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ.

ಆಡಲು ಕೂತಾಗ ಮೊದಲು ರೂಢಿಯಾಗಬೇಕಾದದ್ದು ತಾಳ್ಮೆ. ಗ್ರೇವ್‌ಯಾರ್ಡ್ ತುಂಬಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಕ್ರೀಚರನ್ನು ಮಾತ್ರ ಎತ್ತಬಲ್ಲದು, ತನ್ನನ್ನೇ ಎತ್ತಿಕೊಳ್ಳಲಾರದು. ಐದೈದು ಸುರಿಯುವಾಗ ಅದೇ ಬಿದ್ದುಹೋದರೆ ಹೋಯಿತು. ಅದಕ್ಕೆ ನನ್ನ ನಿಯಮ ಹೀಗಿದೆ: ಎನ್‌ಚಾಂಟ್‌ಮೆಂಟ್ ಮೇಜಿನ ಮೇಲೆ ಕೂರುವ ತನಕ ಇಂಪ್‌ನಿಂದ ಡ್ರೆಜ್ ಮಾಡುವುದಿಲ್ಲ. ಎಳೆಯುತ್ತೇನೆ, ಕಮ್ಯೂನ್ ಹಾಕುತ್ತೇನೆ, ಇಂಪ್‌ನ್ನು ಕಾವಲಿಗೆ ನಿಲ್ಲಿಸುತ್ತೇನೆ. ಹಾರುವ 1/2 ಪುಟಾಣಿ ಅದು, ಆದರೆ ಕಾಳಗದಲ್ಲಿ ಅದು ಮುಟ್ಟಿದ ಕ್ರೀಚರ್ ಎಷ್ಟೇ ದೊಡ್ಡದಿದ್ದರೂ ಸಾಯುತ್ತದೆ. ಹಾಗಾಗಿ ಎದುರಾಳಿ ನುಗ್ಗಲು ಹಿಂಜರಿಯುತ್ತಾನೆ. ನನಗೆ ಬೇಕಾದ ಎರಡು ಮೂರು ಸುತ್ತು ಹಾಗೇ ಸಿಗುತ್ತದೆ.

ಎರಡನೆಯದು ನಿಲ್ಲಿಸುವುದು. ಮೊದಲ ಏಳು ಕೈಗೆ ಬಂದ ಮೇಲೆ ಲೈಬ್ರರಿಯಲ್ಲಿ 53 ಉಳಿಯುತ್ತದೆ. ಪ್ರತಿ ಸುತ್ತಿಗೆ ಐದರಂತೆ ಸುರಿದರೆ ಹತ್ತು ಸುತ್ತಿನಲ್ಲಿ ತಳ ಕಾಣುತ್ತದೆ. ಖಾಲಿ ಲೈಬ್ರರಿಯಿಂದ ಕಾರ್ಡು ಎಳೆಯಬೇಕಾದವನು ಸೋತಂತೆ. ಹಾಗಾಗಿ ಪಟ್ಟಿ ಸಾಕಷ್ಟು ಉದ್ದವಾಯಿತು ಅನಿಸಿದ ಕೂಡಲೇ ಇಂಪ್ ಬಿಟ್ಟು ಬ್ರೌನ್‌ಸ್ಕೇಲ್‌ಗೆ ಬರುತ್ತೇನೆ. ಸುತ್ತಿಗೆ ಎರಡೇ ಕಾರ್ಡು ಖರ್ಚು, ಎರಡು ಲೈಫ್ ಲಾಭ. ಅದನ್ನೇ ಬಿಸಾಕಿ ಸ್ಪೋರ್ ಫ್ರಾಗ್ ಎತ್ತಿಕೊಂಡು, ಒಂದು ಹಸಿರು ಮನಾಗೆ ಇಳಿಸಿದರೆ, ಎದುರಾಳಿಯ ಸುತ್ತಿನಲ್ಲಿ ಬಲಿ. ಮುಂದಿನ ಸುತ್ತು ಮತ್ತೆ ಅದೇ. ಒಟ್ಟು ಎರಡು ಮನಾ ಖರ್ಚಿನಲ್ಲಿ ಕಾಳಗದ ಪೆಟ್ಟು ಒಂದೂ ತಾಗದಂತೆ ಕೂತಿರಬಹುದು. ಉಳಿದ ಮನಾದಲ್ಲಿ ಗೆಲ್ಲುವ ದಾರಿ ನೋಡಿಕೊಳ್ಳುವುದು.

ತೋಟದ ಗೆಳೆಯನ ತಂದೆ ಒಂದು ಸಂಜೆ ನಮ್ಮ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ರಮ್ಮಿಯಲ್ಲಿ ಪಳಗಿದ ಕೈ. ಬಹಳ ಹೊತ್ತು ಸುಮ್ಮನೆ ನೋಡಿ ಕೇಳಿದರು: "ಬಿಸಾಕಿದ್ದನ್ನ ಯಾರು ಬೇಕಾದ್ರೂ ನೋಡ್ಬೋದಾ?" ನೋಡಬಹುದು ಅಂದೆ. "ಎಷ್ಟು ಹಿಂದಿನದು ಬೇಕಾದ್ರೂ ತಗೋಬೋದಾ?" ನನ್ನ ಡೆಕ್ಕಿಗೆ ಸಾಧ್ಯ ಅಂದೆ. "ಹಂಗಾದ್ರೆ ಕೈಯಲ್ಲಿರೋದು ಮುಖ್ಯ ಅಲ್ಲ ಬಿಡು, ಏನು ಬಿಸಾಕ್ತೀಯ ಅನ್ನೋದು ಮುಖ್ಯ" ಅಂದರು. ರಮ್ಮಿಯಲ್ಲಿ ತೆರೆದ ಕಟ್ಟಿನ ಮೇಲಿನ ಎಲೆಯೊಂದನ್ನು ಮಾತ್ರ ಎತ್ತಬಹುದು, ಆದರೂ ಒಳ್ಳೆಯ ಆಟಗಾರ ಬಿದ್ದ ಪ್ರತಿ ಎಲೆಯನ್ನೂ ನೆನಪಿಟ್ಟಿರುತ್ತಾನೆ. ಈ ಡೆಕ್ಕನ್ನು ಅವರಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ಕಂಡಿಲ್ಲ. ನಮ್ಮ ಊರುಗಳಲ್ಲಿ ಇಸ್ಪೀಟು ಆಡಿ ಬೆಳೆದ ತಲೆಗಳಿಗೆ ಈ ಆಟ ಕಲಿಸಿದರೆ ಎಂಥ ಆಟಗಾರರು ಹುಟ್ಟಬಹುದು ಅಂತ ಆ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಗ್ರೇವ್‌ಯಾರ್ಡ್ ತೆರೆದೇ ಇರುವುದರಿಂದ ಅದನ್ನು ಜೋಡಿಸಿಡುವ ರೀತಿಯೂ ಆಟದ ಭಾಗ. ಅರ್ಜಾಸ್ ಸಾಗಾ ಸೆಟ್ಟಿಗಿಂತ ಹಳೆಯ ಕಾರ್ಡುಗಳೂ ನಡೆಯುವ ಬಗೆಗಳಲ್ಲಿ ಗ್ರೇವ್‌ಯಾರ್ಡಿನ ಅನುಕ್ರಮ ಬದಲಿಸಬಾರದು ಅಂತ ಪಂದ್ಯದ ನಿಯಮ ಇದೆ, ಯಾಕೆಂದರೆ ಕೆಲವು ಹಳೆಯ ಕಾರ್ಡುಗಳು ಆ ಅನುಕ್ರಮವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಪಾಪರ್‌ಗೂ ಇದು ಅನ್ವಯ. ನಾನು ಬಿದ್ದ ಕ್ರಮದಲ್ಲೇ ಹರಡಿ, ಕ್ರೀಚರ್‌ಗಳನ್ನು ಮಾತ್ರ ಅರ್ಧ ಇಂಚು ಹೊರಗೆ ಎಳೆದಿಡುತ್ತೇನೆ. ಕ್ರಮವೂ ಕೆಡುವುದಿಲ್ಲ, ಎಷ್ಟು ಕ್ರೀಚರ್ ಇವೆ ಅಂತ ಇಬ್ಬರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಮನಸ್ಸಿನಲ್ಲಿ ಉಳಿದ ಆಟಗಳಲ್ಲಿ ಒಂದನ್ನು ಬಿಡಿಸಿ ಹೇಳುತ್ತೇನೆ. ಎದುರಿಗೆ ಕೆಂಪು ಬರ್ನ್ ಡೆಕ್ಕು, ಇಂಜಿನಿಯರಿಂಗ್ ಹುಡುಗನದು. ಕ್ರೀಚರ್ ಕಡಿಮೆ, ನೇರವಾಗಿ ಮೈ ಸುಡುವ ಮಂತ್ರಗಳೇ ಹೆಚ್ಚು. ಇಂಥ ಡೆಕ್ಕಿಗೆ ಕಪ್ಪೆಯ ಕಾವಲು ನಾಟುವುದಿಲ್ಲ. ನನ್ನ ಲೈಫ್ 4ಕ್ಕೆ ಇಳಿದಿತ್ತು. ಮೇಜಿನ ಮೇಲೆ ಟಾರ್ಚರ್ಡ್ ಎಕ್ಸಿಸ್ಟೆನ್ಸ್, ಐದು ಲ್ಯಾಂಡ್. ಕೈಯಲ್ಲಿ ಒಂದು ಬ್ರೌನ್‌ಸ್ಕೇಲ್, ಒಂದು ಲ್ಯಾಂಡ್, ಒಂದು ಗ್ನಾ ಟು ದ ಬೋನ್. ಗ್ರೇವ್‌ಯಾರ್ಡಿನಲ್ಲಿ 11 ಕ್ರೀಚರ್, ಅದರಲ್ಲೊಂದು ಬ್ರೌನ್‌ಸ್ಕೇಲ್. ನನ್ನ ಸುತ್ತಿನಲ್ಲಿ ಏನೂ ಹಾಕದೆ ಮನಾ ಪೂರ್ತಿ ಉಳಿಸಿಕೊಂಡೆ. ಅವನು ಕೊನೆಯ ಎರಡು ಮೌಂಟನ್ ಲ್ಯಾಂಡ್ ಬಲಿ ಕೊಟ್ಟು ಫೈರ್‌ಬ್ಲಾಸ್ಟ್ ಹಾಕಿದ. ಸರಿಯಾಗಿ ನಾಲ್ಕು ಪೆಟ್ಟು. ಅದು ತಾಗುವ ಮೊದಲೇ ಒಂದು ಕಪ್ಪು ಮನಾ: ಬ್ರೌನ್‌ಸ್ಕೇಲ್ ಬಿಸಾಕಿದೆ, ಇನ್ನೊಂದು ಬ್ರೌನ್‌ಸ್ಕೇಲ್ ಕೈಗೆ, ಲೈಫ್ 6. ಮತ್ತೊಂದು ಮನಾ, 8. ಮೂರನೆಯದು, 10. ಆಮೇಲೆ ಫೈರ್‌ಬ್ಲಾಸ್ಟ್ ಬಿತ್ತು, 6 ಉಳಿಯಿತು. ಮುಂದಿನ ಸುತ್ತಿಗೆ ಆರನೆಯ ಲ್ಯಾಂಡ್ ಇಳಿಸಿ ಗ್ನಾ ಟು ದ ಬೋನ್ ಹಾಕಿದೆ. ಪ್ರತಿ ಕ್ರೀಚರ್‌ಗೆ ಎರಡರಂತೆ 22. ಉಳಿದ ಮೂರು ಮನಾದಲ್ಲಿ ಅದನ್ನೇ ಫ್ಲ್ಯಾಶ್‌ಬ್ಯಾಕ್ ಮಾಡಿದೆ, ಇನ್ನೊಂದು 22. ಲೈಫ್ 50. ಅವನ ಎದುರು ಒಂದು ಲ್ಯಾಂಡೂ ಇಲ್ಲ. ಕೈ ಕುಲುಕಿ ಮುಂದಿನ ಆಟಕ್ಕೆ ಕಟ್ಟು ಕಲೆಸಿದ.

ಸಣ್ಣ ಗುಂಪಿನಲ್ಲಿ ಒಂದು ಡೆಕ್ಕು ಗೆಲ್ಲಲು ಶುರು ಮಾಡಿದರೆ ಎಲ್ಲರ ಸೈಡ್‌ಬೋರ್ಡಿಗೂ ಅದರ ಮದ್ದು ಬರುತ್ತದೆ. ನಮ್ಮಲ್ಲಿ ಬಂದದ್ದು ರೆಲಿಕ್ ಆಫ್ ಪ್ರೊಜೆನಿಟಸ್. ಒಂದು ಮನಾದ ಯಂತ್ರ, ಸುತ್ತಿಗೊಂದರಂತೆ ಗ್ರೇವ್‌ಯಾರ್ಡಿನ ಕಾರ್ಡನ್ನು ಆಟದಿಂದಲೇ ಹೊರಹಾಕಿಸುತ್ತದೆ. ಇನ್ನೊಂದು ಮನಾ ಕೊಟ್ಟು ಅದನ್ನೇ ಆಟದಿಂದ ಹೊರಹಾಕಿದರೆ ಎಲ್ಲರ ಗ್ರೇವ್‌ಯಾರ್ಡೂ ಗುಡಿಸಿ ಹೋಗುತ್ತದೆ. ಮೇಲೆ ರೆಲಿಕ್ ಬಳಸಿದವನಿಗೊಂದು ಕಾರ್ಡು ಕೂಡ ಸಿಗುತ್ತದೆ. ಬೋಜುಕಾ ಬಾಗ್ ಅನ್ನುವ ಲ್ಯಾಂಡ್ ಇಳಿಸಿದ ಕೂಡಲೇ ಒಬ್ಬರ ಗ್ರೇವ್‌ಯಾರ್ಡ್ ಪೂರ್ತಿ ಖಾಲಿ. ಇವುಗಳ ಎದುರು ಆಡುವುದರಲ್ಲೇ ಈ ಡೆಕ್ಕಿನ ಆಳ ಇರುವುದು.

ರೆಲಿಕ್‌ನ ಎದುರು ಎರಡು ವಿಷಯ ಗಮನದಲ್ಲಿರಬೇಕು. ನಾನು ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಬಳಸುವಾಗ ಯಾವ ಕ್ರೀಚರ್ ಬೇಕು ಅಂತ ಮೊದಲೇ ತೋರಿಸಬೇಕು, ಆಮೇಲೆ ಬಿಸಾಕಿ ಬೆಲೆ ತೆರಬೇಕು. ಆ ಕ್ಷಣದಲ್ಲಿ ಎದುರಾಳಿ ರೆಲಿಕ್‌ನಿಂದ ಗ್ರೇವ್‌ಯಾರ್ಡ್ ಗುಡಿಸಿದರೆ ಬಿಸಾಕಿದ್ದೂ ಹೋಯಿತು, ಬೇಕಾದ್ದೂ ಹೋಯಿತು. ಅದಕ್ಕೆ ಅವನ ಲ್ಯಾಂಡ್‌ಗಳೆಲ್ಲ ಮನಾ ಕೊಟ್ಟು ಮಲಗಿ, ರೆಲಿಕ್ ಗುಡಿಸಲು ಬೇಕಾದ ಒಂದು ಮನಾವೂ ಇಲ್ಲದ ಹೊತ್ತಿಗೆ ಕಾಯುತ್ತೇನೆ. ಅದಕ್ಕೆ ವಿರುದ್ಧವಾದದ್ದು ಇನ್ನೊಂದು: ಅವನೇ ಮೊದಲು ಗುಡಿಸಲು ಹೊರಟರೆ, ಅದು ಜಾರಿಯಾಗುವ ಮೊದಲು ನನ್ನ ಪ್ರತಿ ಕಪ್ಪು ಮನಾಗೂ ಒಂದೊಂದು ಕ್ರೀಚರನ್ನು ಕೈಗೆ ತಂದುಕೊಳ್ಳಬಹುದು. ಕೈಯಲ್ಲಿರುವ ಸಾಧಾರಣ ಕ್ರೀಚರ್‌ಗಳನ್ನು ಕೊಟ್ಟು ಒಳ್ಳೆಯದನ್ನು ಬಿಡಿಸಿಕೊಳ್ಳುವುದು. ಮೂರು ಮನಾ ಉಳಿಸಿಕೊಂಡು ಕೂತರೆ ಒಂದು ಇಂಪ್, ಒಂದು ಕ್ರಿಪ್ಟ್ ರ್‍ಯಾಟ್ಸ್, ಒಂದು ಬ್ರೌನ್‌ಸ್ಕೇಲ್ ಉಳಿಯುತ್ತವೆ. ಅಷ್ಟಿದ್ದರೆ ಎಲ್ಲವನ್ನೂ ಹೊಸದಾಗಿ ಶುರು ಮಾಡಬಹುದು. ಹೀಗೆ ಇಬ್ಬರೂ ಏನೂ ಮಾಡದೆ, ಯಾರು ಮೊದಲು ಕೈ ಹಾಕುತ್ತಾರೆ ಅಂತ ಕಾಯುತ್ತಾ ಕೂರುವ ಸುತ್ತುಗಳಿರುತ್ತವೆ. ನೋಡುವವರಿಗೆ ಬೇಸರ ಅನಿಸಬಹುದು. ನನಗೆ ಈ ಆಟದಲ್ಲಿ ಅದಕ್ಕಿಂತ ತೀವ್ರವಾದ ಹೊತ್ತು ಬೇರೆ ಇಲ್ಲ.

ನನ್ನ ಸೈಡ್‌ಬೋರ್ಡಿನಲ್ಲೂ ಅದಕ್ಕೆ ತಕ್ಕ ವ್ಯವಸ್ಥೆ ಇದೆ. ಒಂದು ಹಸಿರು ಮನಾದ ನೇಚರ್ಸ್ ಕ್ಲೇಮ್ ರೆಲಿಕ್‌ನ್ನು ಒಡೆಯುತ್ತದೆ, ಎದುರಾಳಿಗೆ ನಾಲ್ಕು ಲೈಫ್ ಸಿಗುತ್ತದೆ, ಸಿಗಲಿ. ರಿಆನಿಮೇಟರ್ ಗೆಳೆಯನ ಎದುರು ಫೇರಿ ಮಕಾಬ್ರ್ ಇನ್ನೂ ಎರಡು. ಅದನ್ನು ಕೈಯಿಂದ ಬಿಸಾಕಿದರೆ ಸಾಕು, ಮನಾ ಬೇಡ, ಗ್ರೇವ್‌ಯಾರ್ಡಿನ ಎರಡು ಕಾರ್ಡು ಮಾಯ. ಟಾರ್ಚರ್ಡ್ ಎಕ್ಸಿಸ್ಟೆನ್ಸ್ ಇದ್ದರೆ ಒಂದು ಮನಾಗೆ ಅದೇ ಫೇರಿ ಮತ್ತೆ ಕೈಗೆ. ಅವನು ಕ್ರಷರ್‌ನ್ನು ಬಿಸಾಕಿದಷ್ಟು ಸಲವೂ ನಾನು ಕಾದು ಕೂತಿರುತ್ತೇನೆ. ಪಾಪ, ಈಚೆಗೆ ಅವನು ನನ್ನೆದುರು ಕೂರುವಾಗ ಬೇರೆ ಡೆಕ್ಕು ತರುತ್ತಾನೆ.

ಸದ್ಯ ತಲೆ ಕೆಡಿಸಿಕೊಂಡಿರುವುದು ಗರ್ಮಾಗ್ ಆಂಗ್ಲರ್ ಬಗ್ಗೆ. ಏಳು ಮನಾದ 5/5, ಆದರೆ ಡೆಲ್ವ್ ಇರುವುದರಿಂದ ಗ್ರೇವ್‌ಯಾರ್ಡಿನ ಒಂದೊಂದು ಕಾರ್ಡು ಹೊರಹಾಕಿದರೂ ಒಂದೊಂದು ಮನಾ ಕಡಿತ. ಆರು ಕಾರ್ಡು ಕೊಟ್ಟರೆ ಒಂದೇ ಕಪ್ಪು ಮನಾಗೆ ಇಳಿಯುತ್ತದೆ. ನಾಲ್ಕರಿಂದ ಶುರು ಮಾಡಿ ಎರಡಕ್ಕೆ ಬಂದಿದ್ದೇನೆ. ಬೇಗ ಗೆಲ್ಲಬೇಕಾದ ಆಟಗಳಲ್ಲಿ ಅದರಷ್ಟು ಭರವಸೆಯದ್ದು ಬೇರೆ ಇಲ್ಲ. ಲ್ಯಾಂಡು, ಮುಗಿದ ಮಂತ್ರಗಳನ್ನೇ ಅದಕ್ಕೆ ಮೇವು ಹಾಕಿದರೆ ಕ್ರೀಚರ್‌ಗಳಿಗೆ ಧಕ್ಕೆಯೂ ಇಲ್ಲ. ಆದರೆ ಫ್ಲ್ಯಾಶ್‌ಬ್ಯಾಕ್‌ಗೆ ಕಾದಿರುವ ಗ್ನಾ, ಈಡಿಕ್ಟ್‌ಗಳನ್ನು ಉಳಿಸಿ ಲೆಕ್ಕ ಹಾಕಿದರೆ ಆರು ಸಿಗುವುದು ತಡವಾಗುತ್ತದೆ. ಈ ಮಳೆಗಾಲಕ್ಕೆ ಒಂದು ಆಂಗ್ಲರ್ ತೆಗೆದು ಮೂರನೇ ಸ್ಪೋರ್ ಫ್ರಾಗ್ ಹಾಕಿದ್ದೇನೆ, ಪ್ರಾಕ್ಸಿಯಲ್ಲೇ. ಎಲ್ಫ್ ಆಡುವವನ ಎದುರು ಚೆನ್ನಾಗಿ ನಿಂತಿದೆ, ಬರ್ನ್ ಎದುರು ದಂಡವಾಗಿದೆ. ತೋಟದವನು ಕೊಯ್ಲಿಗೆ ಹೋಗುವ ಮೊದಲು ಅವನ ನೀಲಿ ಫೇರಿ ಡೆಕ್ಕಿನ ಎದುರೂ ಆಡಿ ನೋಡಿ, ಆಮೇಲೆ ಅಸಲಿ ಕಾರ್ಡು ತರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತೇನೆ.